ಒಟ್ಟು ಸಂಖ್ಯೆ ಇಳಿದರೆ ಸಾಕೇ? ಲೈಂಗಿಕ ಸೋಂಕುಗಳ ರಾಷ್ಟ್ರೀಯ ಲೆಕ್ಕವನ್ನು ಹೇಗೆ ಓದಬೇಕು

ಅಂಕಿಹುಡುಕ:

ಲೈಂಗಿಕವಾಗಿ ಹರಡುವ ಸೋಂಕುಗಳ ಬಗ್ಗೆ ಸುದ್ದಿ ಬಂದಾಗಲೆಲ್ಲ ತಲೆಬರಹ ಎರಡರಲ್ಲಿ ಒಂದು: ‘ದಾಖಲೆ ಏರಿಕೆ’, ಇಲ್ಲವೇ ‘ಕೊನೆಗೂ ಇಳಿಮುಖ’. ಎರಡನ್ನೂ ಪಕ್ಕಕ್ಕಿಟ್ಟು, ಈ ಲೆಕ್ಕದಲ್ಲಿ ನಿಜಕ್ಕೂ ನೋಡಬೇಕಾದ ಸಾಲು ಯಾವುದು ಅಂತ ಮಾತಾಡೋಣ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರತಿ ವರ್ಷ ಈ ಲೆಕ್ಕವನ್ನು ಬಿಡಿಸಿ ಪ್ರಕಟಿಸುತ್ತೆ, ಹಾಗಾಗಿ ಅದನ್ನೇ ತಗೊಳ್ತೀನಿ. 2023ರಲ್ಲಿ ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್ ಮೂರೂ ಸೇರಿ 24 ಲಕ್ಷಕ್ಕೂ ಹೆಚ್ಚು ಪ್ರಕರಣ. ಗೊನೊರಿಯಾ ಹಿಂದಿನ ವರ್ಷಕ್ಕಿಂತ ಶೇ. 7ರಷ್ಟು ಕಡಿಮೆ. 2024ರ ತಾತ್ಕಾಲಿಕ ಲೆಕ್ಕದಲ್ಲಿ ಒಟ್ಟು ಸಂಖ್ಯೆ ಮತ್ತೆ ಶೇ. 9ರಷ್ಟು ಇಳಿದಿದೆ. ಇಷ್ಟು ಓದಿದವರು ಸಮಾಧಾನ ಪಟ್ಟುಕೊಂಡು ಪುಟ ತಿರುಗಿಸುತ್ತಾರೆ.

ಅದೇ ವರದಿಯ ಇನ್ನೊಂದು ಸಾಲು ನೋಡಿ. ತಾಯಿಯಿಂದ ಮಗುವಿಗೆ ದಾಟಿದ ಸಿಫಿಲಿಸ್, ಅಂದರೆ ಜನ್ಮಜಾತ ಸಿಫಿಲಿಸ್, 2012ರಲ್ಲಿ 335 ಇತ್ತು. 2023ರಲ್ಲಿ 3,882. ಅದರಲ್ಲಿ 279 ಮಕ್ಕಳು ಹೊಟ್ಟೆಯಲ್ಲೇ ಸತ್ತವು ಅಥವಾ ಹುಟ್ಟಿ ತೀರಿಕೊಂಡವು. 2024ರಲ್ಲಿ ಒಟ್ಟು ಲೆಕ್ಕ ಇಳಿದಾಗಲೂ ಈ ಸಂಖ್ಯೆ ಏರಿ ನಾಲ್ಕು ಸಾವಿರದ ಹತ್ತಿರ ಬಂದು ನಿಂತಿದೆ.

ನನ್ನ ಅಭಿಪ್ರಾಯ ಇಷ್ಟು. ಒಂದು ದೇಶ ಈ ಸೋಂಕುಗಳನ್ನು ಹೇಗೆ ನಿಭಾಯಿಸುತ್ತಿದೆ ಅನ್ನೋದಕ್ಕೆ ಒಟ್ಟು ಸಂಖ್ಯೆ ಸಾಕ್ಷಿಯಲ್ಲ, ಜನ್ಮಜಾತ ಸಿಫಿಲಿಸ್ ಸಾಕ್ಷಿ. ಪತ್ತೆಹಚ್ಚೋದಕ್ಕೆ ಪರೀಕ್ಷೆ ಇದೆ, ಗುಣಪಡಿಸೋದಕ್ಕೆ ಪೆನಿಸಿಲಿನ್ ಇದೆ, ಮಗುವನ್ನು ಕಾಪಾಡೋದಕ್ಕೆ ತಿಂಗಳುಗಟ್ಟಲೆ ಸಮಯ ಇದೆ. ಇಷ್ಟಿದ್ದೂ ಮಗುವಿಗೆ ಸೋಂಕು ದಾಟಿತು ಅಂದರೆ ಎಲ್ಲೋ ಯಾರೋ ಆ ಹೆಂಗಸಿನ ಕೈಬಿಟ್ಟಿದ್ದಾರೆ. ನೀವೇನಂತೀರಿ?

ಪಿಪೆಟ್:

ಲ್ಯಾಬ್‌ನಲ್ಲಿ ಕೆಲಸ ಮಾಡೋಳು ನಾನು. ಒಟ್ಟು ಸಂಖ್ಯೆಯನ್ನ ನಂಬಬೇಡಿ ಅನ್ನೋದಕ್ಕೆ ನನ್ನದೊಂದು ಉದಾಹರಣೆ ಸೇರಿಸ್ತೀನಿ.

ಸ್ವೀಡನ್‌ನಲ್ಲಿ ಹಾಲಂಡ್ ಅಂತ ಒಂದು ಕೌಂಟಿ. 2005ರ ಕೊನೆಯಿಂದ 2006ರವರೆಗೆ ಅಲ್ಲಿ ಕ್ಲಮೈಡಿಯಾ ಪ್ರಕರಣ ಶೇ. 25ರಷ್ಟು ಇಳಿದುಬಿಡ್ತು. ಜನರ ನಡವಳಿಕೆಯಲ್ಲಿ ಬದಲಾವಣೆ ಇಲ್ಲ, ಹೊಸ ಕಾರ್ಯಕ್ರಮ ಇಲ್ಲ, ಆದರೂ ಇಳಿಕೆ. ಅನುಮಾನ ಬಂದು ಕೆದಕಿ ನೋಡಿದರೆ ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್‌ನಲ್ಲಿ 377 ಬೇಸ್‌ಗಳ ಒಂದು ತುಂಡು ಬಿದ್ದುಹೋಗಿತ್ತು. ಅಲ್ಲಿ ಬಳಕೆಯಲ್ಲಿದ್ದ ಪರೀಕ್ಷೆಗಳು ಹುಡುಕ್ತಿದ್ದದ್ದು ಸರಿಯಾಗಿ ಆ ತುಂಡನ್ನೇ! ಸೋಂಕು ಇತ್ತು, ಹರಡ್ತಾನೂ ಇತ್ತು, ಯಂತ್ರ ಮಾತ್ರ ‘ನೆಗೆಟಿವ್’ ಅಂತಿತ್ತು. ಸುಳ್ಳು ಇಳಿಕೆ.

2020ರ ಅಮೆರಿಕದ ಲೆಕ್ಕವೂ ಅಷ್ಟೇ. ಕ್ಲಮೈಡಿಯಾ ಶೇ. 13 ಇಳೀತು. ಕೋವಿಡ್‌ನಲ್ಲಿ ಕ್ಲಿನಿಕ್‌ಗಳು ಮುಚ್ಚಿದ್ದವು, ಸ್ಯಾಂಪಲ್ ತೆಗೆಯೋ ಕಿಟ್‌ಗಳೂ ಸಿಬ್ಬಂದಿಯೂ ಕೋವಿಡ್ ಕಡೆ ಹೋಗಿದ್ದವು. ಕ್ಲಮೈಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರಲ್ಲ, ಹಾಗಾಗಿ ಪರೀಕ್ಷೆ ನಿಂತರೆ ಕಾಯಿಲೆ ಕಾಗದದ ಮೇಲಿಂದ ಮಾಯ. ಅದೇ ವರ್ಷ ಜನ್ಮಜಾತ ಸಿಫಿಲಿಸ್ ಮಾತ್ರ ಏರಿತು. ಹುಟ್ಟಿದ ಮಗುವನ್ನ ಲೆಕ್ಕದಿಂದ ಬಿಡೋದು ಅಷ್ಟು ಸುಲಭ ಅಲ್ಲವಲ್ಲ.

ನೇರಮಾತು:

ಅಂಕಿಹುಡುಕ ಅವರೇ, ತಪ್ಪು ತಿಳಿಯಬೇಡಿ. ಇದೆಲ್ಲ ಪಶ್ಚಿಮದ ಸಮಸ್ಯೆಯಲ್ಲವೇ? ಡೇಟಿಂಗ್ ಆ್ಯಪ್, ಕಾಂಡೋಮ್ ಬಗ್ಗೆ ಅಸಡ್ಡೆ, ಎಚ್‌ಐವಿ ಭಯ ಹೋದದ್ದು. ಭಾರತದಲ್ಲಿ ಎಚ್‌ಐವಿ ಇಳಿದಿದೆ ಅಂತ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನಾಕೋ ಪ್ರತಿ ಸಲ ಹೇಳುತ್ತಿದೆ. ಹಾಗಿದ್ದ ಮೇಲೆ ಮಿಕ್ಕ ಲೈಂಗಿಕ ಸೋಂಕುಗಳೂ ಇಳಿದಿರಬೇಕು.

ಅಂಕಿಹುಡುಕ:

ಕೇಳಿದ್ದು ಒಳ್ಳೆಯದಾಯಿತು, ಬಹಳ ಜನರ ಮನಸ್ಸಿನಲ್ಲಿ ಇದೇ ಇದೆ.

ಎಚ್‌ಐವಿ ಇಳಿದಿರುವುದು ನಿಜ. ವಯಸ್ಕರಲ್ಲಿ ಸೋಂಕಿನ ಪ್ರಮಾಣ 2023ರ ಅಂದಾಜಿನಲ್ಲಿ ಶೇ. 0.20. 2010ಕ್ಕೆ ಹೋಲಿಸಿದರೆ ವರ್ಷಕ್ಕೆ ಹೊಸದಾಗಿ ಸೋಂಕು ತಗಲುವವರು ಶೇ. 40ಕ್ಕಿಂತ ಹೆಚ್ಚು ಕಡಿಮೆಯಾಗಿದ್ದಾರೆ. ಇದು ದೊಡ್ಡ ಸಾಧನೆ. 1992ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮ ಬಿಡದೆ ನಡೆದದ್ದರ ಫಲ. ಆದರೆ ಎಚ್‌ಐವಿಗೆ ಇರುವ ಕಣ್ಗಾವಲು ಮಿಕ್ಕವುಗಳಿಗೆ ಇಲ್ಲ. ನಮ್ಮ ಲೈಂಗಿಕ ಸೋಂಕುಗಳ ಲೆಕ್ಕ ಬಹುಮಟ್ಟಿಗೆ ಸರ್ಕಾರಿ ಕ್ಲಿನಿಕ್‌ಗೆ ಬಂದವರ ಲೆಕ್ಕ. ಖಾಸಗಿ ಡಾಕ್ಟರ ಹತ್ತಿರ ಹೋದವರು, ಔಷಧಿ ಅಂಗಡಿಯಲ್ಲೇ ಮಾತ್ರೆ ಕೇಳಿ ನುಂಗಿದವರು, ನಾಚಿಕೆಯಿಂದ ಎಲ್ಲಿಗೂ ಹೋಗದವರು ಅದರಲ್ಲಿ ಇಲ್ಲ. ಇಂಗ್ಲೆಂಡ್‌ನವರು ಗೊನೊರಿಯಾ ಲೆಕ್ಕವನ್ನು 1918ರಿಂದ ಇಟ್ಟುಕೊಂಡು ಬಂದಿದ್ದಾರೆ. ಅದಕ್ಕೇ 2023ರ 85 ಸಾವಿರ ಚಿಲ್ಲರೆ ಪ್ರಕರಣಗಳನ್ನು ‘ದಾಖಲೆ’ ಅಂತ ಕರೆಯಲು ಅವರಿಗೆ ಸಾಧ್ಯವಾಯಿತು.

ಇನ್ನು ಪಶ್ಚಿಮದ ಮಾತು. ಜಪಾನಿನಲ್ಲಿ ಈಗಿನ ವರದಿ ಪದ್ಧತಿ ಶುರುವಾದದ್ದು 1999ರಲ್ಲಿ. 2022ರಲ್ಲಿ ಮೊದಲ ಸಲ ಸಿಫಿಲಿಸ್ ಹತ್ತು ಸಾವಿರ ದಾಟಿತು, ಮರುವರ್ಷ ಇನ್ನೂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 80 ಲಕ್ಷ ವಯಸ್ಕರಿಗೆ ಹೊಸದಾಗಿ ಸಿಫಿಲಿಸ್ ಬಂತು. 2030ರ ಹೊತ್ತಿಗೆ ಇದನ್ನು 7.1 ಲಕ್ಷಕ್ಕೆ ಇಳಿಸಬೇಕೆಂಬುದು ಗುರಿ. 2022ರಲ್ಲೇ ಸುಮಾರು 7 ಲಕ್ಷ ಜನ್ಮಜಾತ ಪ್ರಕರಣಗಳೂ ಆದವು. ಈ ಮಕ್ಕಳೆಲ್ಲ ಪಶ್ಚಿಮದವರಲ್ಲ.

ಕಿವಿಗೊಟ್ಟವಳು:

ನಾನು ಆಪ್ತ ಸಮಾಲೋಚಕಿ. ನೇರಮಾತು ಸಾರ್, ಒಮ್ಮೆ ಲೈಂಗಿಕ ಸೋಂಕುಗಳಿಗೆ ಇರೋ ಸರ್ಕಾರಿ ಸುರಕ್ಷಾ ಕ್ಲಿನಿಕ್‌ನ ಬೀರು ತೆಗೆದು ತೋರಿಸ್ತೀನಿ, ಆಗ ನಮ್ಮ ಲೆಕ್ಕ ಹೇಗೆ ಹುಟ್ಟುತ್ತೆ ಅಂತ ಗೊತ್ತಾಗುತ್ತೆ.

ಬಣ್ಣಬಣ್ಣದ ಔಷಧಿ ಕಿಟ್‌ಗಳಿರ್ತವೆ, ಒಂದರಿಂದ ಏಳು. ಮೂತ್ರನಾಳದಲ್ಲಿ ಕೀವು ಬಂದರೆ ಬೂದು ಬಣ್ಣದ್ದು, ಅದರಲ್ಲಿ ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸೈಮ್ 400 ಮಿಲಿಗ್ರಾಂ. ಜನನಾಂಗದಲ್ಲಿ ಹುಣ್ಣು, ಗುಳ್ಳೆ ಇಲ್ಲ ಅಂದರೆ ಬಿಳಿ ಕಿಟ್: ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಅಜಿತ್ರೊಮೈಸಿನ್, ಜೊತೆಗೆ ಸಿರಿಂಜು, ಡಿಸ್ಟಿಲ್ಡ್ ವಾಟರ್. ಹೆಂಗಸರ ಕಿಬ್ಬೊಟ್ಟೆ ನೋವಿಗೆ ಹಳದಿ. ಲ್ಯಾಬ್ ರಿಪೋರ್ಟಿಗೆ ಕಾಯದೆ, ಲಕ್ಷಣ ನೋಡಿ ಅವತ್ತೇ ಔಷಧಿ ಕೊಟ್ಟು ಕಳಿಸೋದು. ‘ನಾಳೆ ಬನ್ನಿ’ ಅಂದರೆ ಆ ಮನುಷ್ಯ ಮತ್ತೆ ಬರೋದೇ ಇಲ್ಲ, ಅದಕ್ಕೇ ಈ ಪದ್ಧತಿ. ಇದನ್ನು ನಾನು ಹೃದಯಪೂರ್ವಕವಾಗಿ ಒಪ್ತೀನಿ, ಲ್ಯಾಬ್ ಇಲ್ಲದ ಕಡೆ ಇದೇ ಜನರನ್ನ ಕಾಪಾಡಿದ್ದು.

ಆದರೆ ಎರಡು ತೊಂದರೆ ಇದೆ. ರಿಜಿಸ್ಟರಿನಲ್ಲಿ ‘ಸ್ರಾವ’ ಅಂತ ಬರೀತೀವಿ, ಅದು ಗೊನೊರಿಯಾನೋ ಕ್ಲಮೈಡಿಯಾನೋ ಅಂತ ಅಲ್ಲ. ಮತ್ತೆ, ಲಕ್ಷಣವೇ ಇಲ್ಲದ ಹೆಂಗಸು ನಮ್ಮ ಬಾಗಿಲಿಗೇ ಬರಲ್ಲ. ಸಿಫಿಲಿಸ್‌ನ ಮೊದಲ ಹುಣ್ಣಿಗೆ ನೋವಿರಲ್ಲ, ಒಳಗಡೆ ಇದ್ದರೆ ಕಣ್ಣಿಗೂ ಬೀಳಲ್ಲ, ತಾನಾಗೇ ಮಾಯುತ್ತೆ. ಅವಳು ಸಿಕ್ಕಿಬೀಳೋದು, ಕ್ಷಮಿಸಿ, ಅವಳು ನಮಗೆ ಸಿಗೋದು ಬಸುರಿಯಾದಾಗ ಮಾತ್ರ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್, ಎಚ್‌ಐವಿ ಜೊತೆಗೆ ಸಿಫಿಲಿಸ್‌ಗೂ ಒಂದು ಸಾಲು ಇದೆ. ಎಷ್ಟೋ ಕಾರ್ಡುಗಳಲ್ಲಿ ಆ ಸಾಲು ಖಾಲಿ ಇರೋದನ್ನ ಕಣ್ಣಾರೆ ನೋಡಿದೀನಿ.

ಬಿಳಿಕೋಟು:

ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯ. ಮೇಡಂ ಹೇಳಿದ್ದು ಅಕ್ಷರಶಃ ಸರಿ. ಪರೀಕ್ಷೆ ಮಾಡಿಸಿದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಇದಕ್ಕೆ ಸೇರಿಸುತ್ತೇನೆ.

2022ರಲ್ಲಿ ಅಮೆರಿಕದಲ್ಲಿ ಆದ ಜನ್ಮಜಾತ ಪ್ರಕರಣಗಳನ್ನು ಸಿಡಿಸಿ ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಿತು. ಹತ್ತರಲ್ಲಿ ಸುಮಾರು ಒಂಬತ್ತನ್ನು ತಪ್ಪಿಸಬಹುದಿತ್ತು. ಸುಮಾರು ಶೇ. 37ರಷ್ಟು ತಾಯಂದಿರಿಗೆ ಸಕಾಲದಲ್ಲಿ ಪರೀಕ್ಷೆಯೇ ಆಗಿರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಕಿ: ಸುಮಾರು ಅರ್ಧದಷ್ಟು ಮಂದಿಗೆ ಸಕಾಲದಲ್ಲೇ ಪರೀಕ್ಷೆಯಾಗಿತ್ತು, ಆದರೆ ಚಿಕಿತ್ಸೆ ಆಗಿರಲಿಲ್ಲ ಅಥವಾ ಅರೆಬರೆ ಆಗಿತ್ತು. ಸೋಂಕು ಯಾವಾಗ ತಗುಲಿತೆಂದು ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಬೇಕು, ಒಂದೊಂದು 24 ಲಕ್ಷ ಯೂನಿಟ್. ಗರ್ಭಿಣಿಯರು ಎರಡನೆಯದನ್ನೋ ಮೂರನೆಯದನ್ನೋ ತಡಮಾಡಿದರೆ ಮೊದಲಿನಿಂದ ಶುರು. ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಚಿಕಿತ್ಸೆ ಆರಂಭವಾಗಿರಬೇಕು. ಕೂಲಿ ಬಿಟ್ಟು, ಮನೆಯಲ್ಲಿ ಸುಳ್ಳು ಹೇಳಿ, ಮೂರು ವಾರ ಅದೇ ಆಸ್ಪತ್ರೆಗೆ ಬರುವುದು ಹೇಳಿದಷ್ಟು ಸುಲಭವಲ್ಲ.

ಅಮೆರಿಕದ ಮೂಲನಿವಾಸಿ ಸಮುದಾಯಗಳಲ್ಲಿ 2022ರಲ್ಲಿ 155 ಹೆರಿಗೆಗೆ ಒಂದು ಮಗು ಸಿಫಿಲಿಸ್‌ನೊಂದಿಗೆ ಹುಟ್ಟಿದೆ. ಅದು ಡೇಟಿಂಗ್ ಆ್ಯಪ್‌ನ ಲೆಕ್ಕವಲ್ಲ ನೇರಮಾತು ಅವರೇ. ಆಸ್ಪತ್ರೆ ಎಷ್ಟು ದೂರ, ಗರ್ಭಿಣಿಯ ತಪಾಸಣೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದರ ಲೆಕ್ಕ.

ಹಳೇಕಡತ:

ವೈದ್ಯಕೀಯ ಚರಿತ್ರೆ ಓದುವವನು ನಾನು. ಈ ಏರಿಕೆ ನೋಡಿದಾಗ ಬೇಸರಕ್ಕಿಂತ ಸಿಟ್ಟು ಹೆಚ್ಚು ಬರುತ್ತದೆ. ಏಕೆಂದರೆ ಸಿಫಿಲಿಸ್ ನಾವು ಗೆದ್ದ ಕಾಯಿಲೆ. ರೋಗಾಣುವನ್ನು 1905ರಲ್ಲಿ ಗುರುತಿಸಿದರು, 1906ರಲ್ಲಿ ವಾಸರ್‌ಮನ್ ರಕ್ತಪರೀಕ್ಷೆ ಬಂತು, 1943ರಲ್ಲಿ ಪೆನಿಸಿಲಿನ್‌ನಿಂದ ಗುಣವಾಗುವುದನ್ನು ಅಮೆರಿಕದ ವೈದ್ಯ ಮಹೋನಿ ಮತ್ತು ಸಂಗಡಿಗರು ತೋರಿಸಿದರು. ಅಮೆರಿಕದಲ್ಲಿ 2000ದ ವೇಳೆಗೆ ಆರಂಭಿಕ ಹಂತದ ಸಿಫಿಲಿಸ್ ವರ್ಷಕ್ಕೆ ಆರು ಸಾವಿರಕ್ಕೂ ಕಡಿಮೆಗೆ ಬಂದಿತ್ತು, 1941ರಲ್ಲಿ ವರದಿ ಶುರುವಾದ ಮೇಲೆ ಅತಿ ಕಡಿಮೆ. 1999ರಲ್ಲಿ ನಿರ್ಮೂಲನ ಯೋಜನೆಯನ್ನೇ ಘೋಷಿಸಿದ್ದರು. ಆಮೇಲೆ ಸದ್ದಿಲ್ಲದೆ ಹಣ ಕಡಿತವಾಯಿತು, ಕ್ಲಿನಿಕ್‌ಗಳು ಮುಚ್ಚಿದವು. ಸೋಂಕಿತರ ಸಂಗಾತಿಗಳನ್ನು ಹುಡುಕಿ ಚಿಕಿತ್ಸೆಗೆ ಕರೆತರುವ ಸಿಬ್ಬಂದಿಗೆಂದು ಇಟ್ಟಿದ್ದ ಅನುದಾನವನ್ನು 2023ರಲ್ಲೂ ಕತ್ತರಿಸಿದರು. ಕಾಯಿಲೆ ಕಡಿಮೆಯಾಯಿತು ಎಂದು ಕಾವಲು ತೆಗೆದರೆ ಏನಾಗುತ್ತದೆ ಎಂಬುದು ಈಗ ಕಣ್ಣ ಮುಂದಿದೆ.

ಅಪನಂಬಿಕೆಯ ಭಾರವೂ ಇದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಜನಾಂಗದ ನೂರಾರು ಗಂಡಸರಿಗೆ ಸಿಫಿಲಿಸ್ ಇದೆಯೆಂದು ಗೊತ್ತಿದ್ದೂ ಚಿಕಿತ್ಸೆ ಕೊಡದೆ ‘ಅಧ್ಯಯನ’ ನಡೆಸಿದರು, ಪೆನಿಸಿಲಿನ್ ಬಂದ ಮೇಲೂ. ಅಂಥದ್ದು ನಡೆದ ಮೇಲೆ ‘ಪರೀಕ್ಷೆಗೆ ಯಾಕೆ ಬರಲ್ಲ’ ಎಂದು ಜನರನ್ನು ಗದರಿಸುವ ಹಕ್ಕು ಯಾರಿಗೂ ಇಲ್ಲ.

ಪಿಪೆಟ್:

ಹಳೇಕಡತ ಸಾರ್, ಗೆದ್ದ ಕಾಯಿಲೆ ಅಂದಿರಿ. ಗೆದ್ದ ದೇಶಗಳೂ ಇವೆ! ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ದಾಟೋದನ್ನ ನಿಲ್ಲಿಸಿದ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಮಾನ್ಯತೆ ಕೊಟ್ಟಿದ್ದು ಕ್ಯೂಬಾಕ್ಕೆ, 2015ರಲ್ಲಿ. 2016ರಲ್ಲಿ ಥಾಯ್ಲೆಂಡ್, 2018ರಲ್ಲಿ ಮಲೇಷ್ಯಾ, 2019ರಲ್ಲಿ ಪಕ್ಕದ ಶ್ರೀಲಂಕಾ. ಇವು ಯಾವುದೂ ಅಮೆರಿಕಕ್ಕಿಂತ ಶ್ರೀಮಂತ ದೇಶ ಅಲ್ಲ.

ನೇರಮಾತು:

ಶ್ರೀಲಂಕಾದ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಕಷ್ಟ ಎಲ್ಲಿದೆ? ಔಷಧಿಯೇ ಇದೆಯಲ್ಲ.

ಬಿಳಿಕೋಟು:

ಔಷಧಿಯಲ್ಲೂ ಇದೆ. ಗರ್ಭಿಣಿಯ ಸಿಫಿಲಿಸ್‌ಗೆ ಶಿಫಾರಸು ಇರುವುದು ಪೆನಿಸಿಲಿನ್ ಒಂದಕ್ಕೇ. ಅಲರ್ಜಿ ಇದ್ದರೂ, ಆಸ್ಪತ್ರೆಯಲ್ಲಿಟ್ಟು ಹಂತಹಂತವಾಗಿ ಮೈಗೆ ಒಗ್ಗಿಸಿ ಅದನ್ನೇ ಕೊಡುತ್ತಾರೆ. ಬೆಂಜಥೀನ್ ಪೆನಿಸಿಲಿನ್ ಹಳೆಯ, ಪೇಟೆಂಟ್ ಇಲ್ಲದ ಔಷಧ. ಲಾಭ ಕಡಿಮೆ, ತಯಾರಿಸುವವರು ಬೆರಳೆಣಿಕೆ. ಒಬ್ಬರು ನಿಲ್ಲಿಸಿದರೆ ದೇಶದೇಶಗಳಲ್ಲಿ ಕೊರತೆ. 2023ರಲ್ಲಿ ಅಮೆರಿಕವೇ ಕೊರತೆ ಘೋಷಿಸಿ, ಇದ್ದಷ್ಟನ್ನು ಗರ್ಭಿಣಿಯರಿಗೆ ಮೀಸಲಿಡಿ ಎಂದು ಹೇಳಬೇಕಾಯಿತು, ಹೊರಗಿನಿಂದ ತರಿಸಿಕೊಂಡಿತು. ನಮ್ಮಲ್ಲಿ ಇನ್ನೊಂದು ತೊಡಕು: ರಿಯಾಕ್ಷನ್ ಆದರೆ ಏನು ಗತಿ ಎಂಬ ಭಯದಿಂದ ಇಂಜೆಕ್ಷನ್ ಕೊಡಲು ಹಿಂಜರಿಯುವ ವೈದ್ಯರು, ನರ್ಸ್‌ಗಳು ಬಹಳ. ತೀವ್ರ ಅಲರ್ಜಿ ಅಪರೂಪ, ಅಡ್ರಿನಲಿನ್ ಕೈಗೆಟುಕುವಂತೆ ಇಟ್ಟುಕೊಂಡರೆ ಅದನ್ನೂ ನಿಭಾಯಿಸಬಹುದು. ಕೊಡದೇ ಕಳಿಸಿದರೆ ಆಗುವ ಹಾನಿ ಎಷ್ಟೋ ಪಾಲು ದೊಡ್ಡದು.

ಗೊನೊರಿಯಾದ ಕಥೆ ಬೇರೆ. ಅಲ್ಲಿ ಔಷಧಗಳೇ ಒಂದೊಂದಾಗಿ ಸೋಲುತ್ತಿವೆ. ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಎಲ್ಲಾ ಮುಗಿದು ಈಗ ಮುಖ್ಯವಾಗಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಮೇಲೆ ನಿಂತಿದ್ದೇವೆ. ಅದಕ್ಕೂ ಬಗ್ಗದ ಎಫ್‌ಸಿ428 ಎಂಬ ತಳಿ 2015ರಲ್ಲಿ ಜಪಾನಿನಲ್ಲಿ ಕಂಡು, ಆಮೇಲೆ ಬೇರೆ ಖಂಡಗಳಿಗೂ ಹೋಯಿತು. ದಯವಿಟ್ಟು ಉರಿಮೂತ್ರ, ಕೀವು ಅಂತ ಅಂಗಡಿಯಲ್ಲಿ ಸಿಪ್ರೊ ಕೇಳಿ ನುಂಗಬೇಡಿ. ಲಕ್ಷಣ ಅರ್ಧ ತಗ್ಗಿ ಸೋಂಕು ಉಳಿಯುತ್ತದೆ, ಸಂಗಾತಿಗೂ ಹೋಗುತ್ತದೆ. ಇಂಗ್ಲೆಂಡ್ 2025ರ ಆಗಸ್ಟ್‌ನಿಂದ ಹೆಚ್ಚು ಅಪಾಯವಿರುವ ಸಲಿಂಗಿ ಹಾಗೂ ದ್ವಿಲಿಂಗಕಾಮಿ ಪುರುಷರಿಗೆ ಮೆನಿಂಜೈಟಿಸ್‌-ಬಿ ಲಸಿಕೆಯನ್ನೇ ಗೊನೊರಿಯಾ ತಡೆಗೆಂದು ಕೊಡುತ್ತಿದೆ. ರಕ್ಷಣೆ ಶೇ. 30ರಿಂದ 40ರ ಆಸುಪಾಸು ಮಾತ್ರ. ಅಷ್ಟಾದರೂ ಸಾಕೆನ್ನುವ ಸ್ಥಿತಿ ಬಂದಿದೆ ಎಂದರೆ ಚಿಂತೆ ಎಷ್ಟಿದೆಯೆಂದು ಊಹಿಸಿ.

ಕಿವಿಗೊಟ್ಟವಳು:

ಕಷ್ಟ ಎಲ್ಲಿದೆ ಅಂದಿರಲ್ಲ, ನಾನು ದಿನಾ ನೋಡೋದು ಹೇಳ್ತೀನಿ. ಆರನೇ ತಿಂಗಳ ಬಸುರಿ. ಸಿಫಿಲಿಸ್ ರಿಪೋರ್ಟು ರಿಯಾಕ್ಟಿವ್, ಅಂದರೆ ಪಾಸಿಟಿವ್. ಕೂರಿಸಿ, ಬಾಗಿಲು ಹಾಕಿ, ಇದು ಗುಣವಾಗೋ ಕಾಯಿಲೆ, ಮಗುವನ್ನ ಉಳಿಸಬಹುದು ಅಂತೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: ‘ಕಾರ್ಡಿನಲ್ಲಿ ಇದನ್ನ ಬರೀತೀರಾ ಅಕ್ಕಾ?’ ಅತ್ತೆ ಕಾರ್ಡು ಓದಿಸ್ತಾರಂತೆ. ಇಂಜೆಕ್ಷನ್‌ಗೆ ಒಪ್ಪಿದಳು. ಗಂಡನಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಮತ್ತೆ ತಗಲುತ್ತೆ ಅಂದಾಗ ಎದ್ದು ನಿಂತುಬಿಟ್ಟಳು. ಅವನಿಂದಲೇ ಬಂದಿದ್ದರೂ ಹೊಡೆತ ಬೀಳೋದು ತನಗೇ ಅಂತ ಅವಳಿಗೆ ಗೊತ್ತು.

ಗಂಡನ್ನ ಕರೆಸೋಕೆ ನಾವು ‘ಬಸುರಿಯ ಜೊತೆ ಗಂಡನಿಗೂ ರಕ್ತಪರೀಕ್ಷೆ ಇರುತ್ತೆ’ ಅಂತ ಚೀಟಿ ಕೊಡ್ತೀವಿ, ಕಾಯಿಲೆ ಹೆಸರು ಎತ್ತಲ್ಲ. ಕೆಲವರು ಬರ್ತಾರೆ. ಬಂದವರಲ್ಲಿ ಬಹಳಷ್ಟು ಜನ ಮರ್ಯಾದೆಯಿಂದಲೇ ಸೂಜಿ ಹಾಕಿಸ್ಕೊಂಡು ಹೋಗ್ತಾರೆ. ಈ ಕೆಲಸ ಯಾವ ದೇಶದ ಅಂಕಿಪಟ್ಟಿಯಲ್ಲೂ ಕಾಣಲ್ಲ. ಆದರೆ ಆ ಮೂರು ಸಾವಿರದ ಎಂಟುನೂರು ಚಿಲ್ಲರೆ ಮಕ್ಕಳ ಹಿಂದೆ ಇಂಥ ಕೋಣೆಗಳೇ ಇರ್ತವೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಹೊಸಬ:

ಎಲ್ಲರಿಗೂ ನಮಸ್ಕಾರ, ಎಲ್ಲಾ ಓದಿದೆ. ನಾಲ್ಕು ವರ್ಷದ ಹಿಂದೆ ನನಗೆ ಸಿಫಿಲಿಸ್ ಆಗಿ ಚಿಕಿತ್ಸೆ ಪೂರ್ತಿ ತಗೊಂಡಿದ್ದೆ. ಈಗ ಬೇರೆ ಕಾರಣಕ್ಕೆ ರಕ್ತ ಕೊಟ್ಟಾಗ ಸಿಫಿಲಿಸ್ ಪರೀಕ್ಷೆಯಾದ ಟಿಪಿಎಚ್‌ಎ ಪಾಸಿಟಿವ್ ಅಂತ ಬಂದಿದೆ. ಕಾಯಿಲೆ ಹೋಗಿಲ್ವಾ? ನಿದ್ದೆ ಬರ್ತಿಲ್ಲ.

ಪಿಪೆಟ್:

ಹೊಸಬರೇ, ಮೊದಲು ನೆಮ್ಮದಿಯಿಂದ ಮಲಗಿ. ಟಿಪಿಎಚ್‌ಎ ಒಮ್ಮೆ ಪಾಸಿಟಿವ್ ಆದರೆ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗೇ ಇರುತ್ತೆ, ಗುಣವಾದ ಮೇಲೂ. ಈಗಿನ ಸ್ಥಿತಿ ತಿಳಿಯೋಕೆ ಬೇರೆ ರಕ್ತಪರೀಕ್ಷೆಗಳಾದ ಆರ್‌ಪಿಆರ್ ಅಥವಾ ವಿಡಿಆರ್‌ಎಲ್‌ನ ಟೈಟರ್ ನೋಡಬೇಕು, ಅಂದರೆ ಸೀರಮ್‌ನ ಎಷ್ಟು ಪಟ್ಟು ತೆಳುಮಾಡಿದರೂ ಪರೀಕ್ಷೆ ಪಾಸಿಟಿವ್ ಬರುತ್ತೆ ಅನ್ನೋ ಅಳತೆ. ಚಿಕಿತ್ಸೆಗೆ ಮುಂಚೆ 1:32 ಇದ್ದದ್ದು ಆಮೇಲೆ 1:8 ಅಥವಾ ಅದಕ್ಕಿಂತ ಕೆಳಗೆ ಬಂದಿದ್ದರೆ, ಅಂದರೆ ನಾಲ್ಕು ಪಟ್ಟು ಇಳಿದಿದ್ದರೆ, ಔಷಧಿ ಕೆಲಸ ಮಾಡಿದೆ ಅಂತ ಅರ್ಥ. ಹಳೇ ರಿಪೋರ್ಟು ಹುಡುಕಿ, ಟೈಟರ್ ಮಾಡಿಸಿ, ಎರಡನ್ನೂ ಡಾಕ್ಟರಿಗೆ ತೋರಿಸಿ. ಆದರೆ ಒಂದು ಮಾತು: ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅಂತಿಲ್ಲ.

ಲ್ಯಾಬ್‌ನವರು ಯಾರಾದರೂ ಓದ್ತಿದ್ದರೆ ಅವರಿಗೂ ಒಂದು ಮಾತು. ಆಂಟಿಬಾಡಿ ತೀರಾ ಹೆಚ್ಚಿದ್ದಾಗ ಸೀರಮ್ ಹಾಗೇ ಹಾಕಿದರೆ ಆರ್‌ಪಿಆರ್ ಕಾರ್ಡಿನ ಮೇಲೆ ಗಂಟು ಕಟ್ಟೋದೇ ಇಲ್ಲ, ನಾನ್-ರಿಯಾಕ್ಟಿವ್ ಥರ ಕಾಣುತ್ತೆ. ಇದಕ್ಕೆ ಪ್ರೊಜೋನ್ ಅಂತಾರೆ. ಬಸುರಿಯ ಸ್ಯಾಂಪಲ್ ಅನುಮಾನಾಸ್ಪದ ಅನ್ನಿಸಿದರೆ ತೆಳುಮಾಡಿ ಇನ್ನೊಮ್ಮೆ ಹಾಕಿ. ಎರಡು ನಿಮಿಷದ ಕೆಲಸಕ್ಕೆ ಒಂದು ಮಗು ಉಳಿಯಬಹುದು.

ಹೊಸಬ:

ತುಂಬಾ ಧನ್ಯವಾದ ಪಿಪೆಟ್ ಅವರೇ. ನಾಳೆಯೇ ಟೈಟರ್ ಮಾಡಿಸ್ತೀನಿ.

ನೇರಮಾತು:

ಬಿಳಿಕೋಟು ಡಾಕ್ಟ್ರೇ, ಒಂದು ಸ್ವಂತ ಪ್ರಶ್ನೆ. ನನ್ನ ತಂಗಿಗೆ ಈಗ ಏಳನೇ ತಿಂಗಳು. ಮೂರನೇ ತಿಂಗಳಲ್ಲಿ ವಿಡಿಆರ್‌ಎಲ್ ಮಾಡಿದ್ದರು, ನಾನ್-ರಿಯಾಕ್ಟಿವ್. ಮತ್ತೆ ಮಾಡಿಸೋ ಅಗತ್ಯ ಇದೆಯೇ? ಕೇಳಿದರೆ ಅವಳನ್ನ ಅನುಮಾನಿಸಿದ ಹಾಗಾಗಲ್ಲವೇ?

ಬಿಳಿಕೋಟು:

ಅನುಮಾನದ ಪ್ರಶ್ನೆಯೇ ಬೇಡ. ಮೂರನೇ ತಿಂಗಳ ರಿಪೋರ್ಟು ಮೂರನೇ ತಿಂಗಳಿನದ್ದು. ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ ಮೂರು ವಾರ, ಕೆಲವರಲ್ಲಿ 90 ದಿನದವರೆಗೂ ಹಿಡಿಯುತ್ತದೆ, ಪರೀಕ್ಷೆಯಾದ ಮೇಲೆಯೂ ಸೋಂಕು ತಗುಲಬಹುದು. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2024ರಿಂದ ಎಲ್ಲ ಗರ್ಭಿಣಿಯರಿಗೂ ಮೂರು ಸಲ ಪರೀಕ್ಷೆ ಹೇಳುತ್ತಿದೆ: ಮೊದಲ ಭೇಟಿಯಲ್ಲಿ, ಏಳನೇ ತಿಂಗಳ ಹೊತ್ತಿಗೆ, ಹೆರಿಗೆಯ ವೇಳೆಗೆ. ಎಲ್ಲರಿಗೂ ಮಾಡಿದರೆ ಯಾರನ್ನೂ ಬೊಟ್ಟು ಮಾಡಿದಂತಾಗುವುದಿಲ್ಲ. ಮುಂದಿನ ತಪಾಸಣೆಗೆ ಹೋದಾಗ ‘ಸಿಫಿಲಿಸ್ ಟೆಸ್ಟ್ ಇನ್ನೊಮ್ಮೆ ಮಾಡಿಬಿಡಿ’ ಎಂದು ತಂಗಿಯವರೇ ಕೇಳಲಿ, ಹಿಮೋಗ್ಲೋಬಿನ್‌ಗೆ ತೆಗೆಯುವ ರಕ್ತವೇ ಸಾಕು. ಭಾವನವರೂ ಅವತ್ತೇ ಜೊತೆಯಲ್ಲಿ ಮಾಡಿಸಿಕೊಳ್ಳಲಿ.